ಗಾಳಿ ಬಂದಾಗ ತೂರಿಕೋ: ದುರ್ಗದ ಗುಡ್ಡದ ಫ್ಯಾನ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗದಲ್ಲಿ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಅದಕ್ಕೆ ಮುಂಚೆ ಒಂಬತ್ತು ವರ್ಷ ಇಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಮೇಂಟೆನೆನ್ಸ್ ಕೆಲಸ ಮಾಡಿದ್ದೆ. ಸುಟ್ಟ ಬೋರ್ ಮೋಟರ್ ತಂದು ಇಳಿಸಿದವರು ಸುಮ್ನೆ ಹೋಗುವುದಿಲ್ಲ. ಬೆಂಚಿನ ಮೇಲೆ ಕೂತು ಟೀ ತರಿಸುತ್ತಾರೆ. ಗುಡ್ಡದ ಕಡೆ ನೋಡುತ್ತಾರೆ. ಆಮೇಲೆ ಶುರು: "ಅಲ್ಲಣ್ಣ, ಆ ಫ್ಯಾನು..." ಹಿರಿಯೂರು, ಹೊಳಲ್ಕೆರೆ, ಜಗಳೂರು, ದಾವಣಗೆರೆ, ಎಲ್ಲಿಂದ ಬಂದವರಾದರೂ ಪ್ರಶ್ನೆ ಹೆಚ್ಚುಕಮ್ಮಿ ಅವೇ. ಒಂದು ಸಲ ಬರೆದಿಟ್ಟರೆ ಬಾಯಿಗೂ ರೆಸ್ಟು ಅಂತ ಕೂತೆ.

ಪುಸ್ತಕದಲ್ಲಿ ಪವನ ವಿದ್ಯುತ್ ಯಂತ್ರ ಅಂತೆಲ್ಲ ಇರುತ್ತದೆ. ನಮ್ಮ ಕಡೆ ಎಲ್ಲರಿಗೂ ಅದು ಫ್ಯಾನ್. ನಾನೂ ಹಾಗೇ ಬರೆಯುತ್ತೇನೆ. ಮನೆಯ ಫ್ಯಾನ್ ಕರೆಂಟ್ ತಿಂದು ಗಾಳಿ ಕೊಡುತ್ತದೆ, ಇದು ಗಾಳಿ ತಿಂದು ಕರೆಂಟ್ ಕೊಡುತ್ತದೆ, ಅಷ್ಟು ನೆನಪಿದ್ದರೆ ಸಾಕು.

ಈ ಫ್ಯಾನ್‌ಗಳು ಮೋಡ ಓಡಿಸುತ್ತವೆ, ಅದಕ್ಕೇ ಮಳೆ ಇಲ್ಲ ಅಂತಾರಲ್ಲ, ನಿಜಾನಾ?

ನಿಜ ಅಲ್ಲ. ಆದರೆ ಕೇಳಿದವರನ್ನು ನಾನು ಯಾವತ್ತೂ ನಕ್ಕು ಕಳಿಸಿಲ್ಲ. ಯಾಕೆಂದರೆ ಅವರು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಬರುತ್ತದೆ, ತಲೆ ಮೇಲೆ ಓಡಿ ಹೋಗುತ್ತದೆ, ಹನಿ ಬೀಳುವುದಿಲ್ಲ. ಅದೇ ತಿಂಗಳುಗಳಲ್ಲಿ ಫ್ಯಾನ್‌ಗಳೂ ಹುಚ್ಚು ಹಿಡಿದ ಹಾಗೆ ತಿರುಗುತ್ತವೆ. ಎರಡನ್ನೂ ಒಟ್ಟಿಗೆ ನೋಡಿದರೆ ಒಂದರಿಂದ ಇನ್ನೊಂದು ಅನ್ನಿಸುವುದು ಸಹಜ. ಅಸಲಿಗೆ ಎರಡಕ್ಕೂ ಕಾರಣ ಒಂದೇ, ಆಷಾಢದ ಗಾಳಿ. ಅರಬ್ಬಿ ಸಮುದ್ರದಿಂದ ಬರುವ ಆ ಗಾಳಿ ಘಟ್ಟ ಹತ್ತುವಾಗ ನೀರನ್ನು ಅಲ್ಲೇ ಸುರಿದುಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ಚಳ್ಳಕೆರೆಗೆ ಬರುವಷ್ಟರಲ್ಲಿ 500 ಮಿ.ಮೀ. ಆಸುಪಾಸು. ಘಟ್ಟ ಇಳಿದು ನಮ್ಮ ಕಡೆ ಬರುವುದು ಬರೀ ಗಾಳಿ. ನಮಗೆ ಮಳೆ ಜೋರಾಗುವುದು ಆ ಗಾಳಿ ಇಳಿದ ಮೇಲೆ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಫ್ಯಾನ್‌ಗಳು ನಿಧಾನವಾಗಿರುತ್ತವೆ.

ಎತ್ತರವನ್ನೂ ನೋಡಿ. ಹಳೇ ಫ್ಯಾನ್‌ನ ರೆಕ್ಕೆಯ ತುದಿ ನೆಲದಿಂದ ಸುಮಾರು 100 ಮೀಟರ್, ಹೊಸವು 200 ದಾಟಬಹುದು. ಮಳೆ ಸುರಿಸುವ ದೊಡ್ಡ ಮೋಡದ ತಲೆ 10 ಕಿ.ಮೀ. ದಾಟಿರುತ್ತದೆ. ಆನೆಯ ಕಾಲ ಹತ್ತಿರ ಬೀಸಣಿಗೆ ಬೀಸಿ ಆನೆ ಓಡಿಸಿದೆ ಅಂದಹಾಗಾಯಿತು.

ಇಷ್ಟೂ ಹೇಳಿದರೂ ಒಪ್ಪದವರಿಗೆ ನಾನು ಮಾರಿಕಣಿವೆ ಲೆಕ್ಕ ಹೇಳುತ್ತೇನೆ. ಮಾರಿಕಣಿವೆ ಅಂದರೆ ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರ ಅಣೆಕಟ್ಟು. ಅದರ ಕಟ್ಟೆ ಕೆಲಸ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ಪೂರ್ತಿ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಅದಾದ ಮೇಲೆ 89 ವರ್ಷ ಕೋಡಿ ಬೀಳಲೇ ಇಲ್ಲ. ಅದರಲ್ಲಿ ಮೊದಲ 60 ವರ್ಷ ಈ ಗುಡ್ಡಗಳ ಮೇಲೆ ಒಂದು ಫ್ಯಾನೂ ಇರಲಿಲ್ಲ. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, ಗುಡ್ಡದ ತುಂಬಾ ಫ್ಯಾನ್‌ಗಳು ನಿಂತಿದ್ದಾಗ. ಭದ್ರೆಯಿಂದ ಹರಿಸಿದ ನೀರೂ ಅದರಲ್ಲಿ ಸೇರಿತ್ತು ಅನ್ನಿ. ಆದರೂ ಆ ವರ್ಷ ಸುರಿದ ಮಳೆಯನ್ನು ಯಾವ ಫ್ಯಾನೂ ತಡೆಯಲಿಲ್ಲ, ಅಲ್ವಾ?

ಹಾಗಾದರೆ ಫ್ಯಾನ್‌ನಿಂದ ಹವೆಗೆ ಏನೂ ಆಗುವುದಿಲ್ಲವಾ?

ಆಗುತ್ತದೆ. ಅದನ್ನೂ ಮುಚ್ಚಿಡಬಾರದು. ಫ್ಯಾನ್ ಗಾಳಿಯಿಂದ ಶಕ್ತಿ ತೆಗೆಯುವುದರಿಂದ ಅದರ ಹಿಂದೆ ಗಾಳಿ ನಿಧಾನವಾಗುತ್ತದೆ, ಸುಳಿ ಸುಳಿಯಾಗುತ್ತದೆ. ಅದಕ್ಕೇ ಒಂದರ ಹಿಂದೆ ಒಂದನ್ನು ಒತ್ತೊತ್ತಾಗಿ ನೆಡುವುದಿಲ್ಲ. ರಾತ್ರಿ ನೆಲದ ಹತ್ತಿರ ತಣ್ಣನೆ ಗಾಳಿ, ಮೇಲೆ ಸ್ವಲ್ಪ ಬೆಚ್ಚನೆ ಗಾಳಿ ಇರುತ್ತದೆ. ರೆಕ್ಕೆ ಎರಡನ್ನೂ ಕಲಸುತ್ತದೆ, ಸಾಂಬಾರಿಗೆ ಸೌಟು ಹಾಕಿದ ಹಾಗೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಉಪಗ್ರಹದ ಮಾಹಿತಿ ಇಟ್ಟುಕೊಂಡು ನೋಡಿದವರು, ಫ್ಯಾನ್‌ಗಳಿರುವ ಜಾಗದಲ್ಲಿ ರಾತ್ರಿ ನೆಲ ಸ್ವಲ್ಪ ಬೆಚ್ಚಗಾಗಿದೆ ಅಂತ 2012ರಲ್ಲಿ ತೋರಿಸಿದರು. ಡೆನ್ಮಾರ್ಕ್ ಹತ್ತಿರ ಸಮುದ್ರದಲ್ಲಿರುವ ಹಾರ್ನ್ಸ್ ರೆವ್ ಫ್ಯಾನ್‌ಗಳ ಹಿಂದೆ 2008ರಲ್ಲಿ ಉದ್ದುದ್ದ ಮಂಜಿನ ಬಾಲ ಮೂಡಿದ ಫೋಟೊ ಕೂಡ ಇದೆ. ಅಲ್ಲಿ ಫ್ಯಾನ್ ಮೋಡ ಓಡಿಸಲಿಲ್ಲ, ಹವೆಯನ್ನು ಕಲಸಿ ಮಂಜು ಕಟ್ಟಿಸಿತು. ಇವೆಲ್ಲ ಆ ಜಾಗದ ಮಟ್ಟಿಗೆ ಆಗುವ ವಿಷಯ. ಜಿಲ್ಲೆಯ ಮಳೆ ಬದಲಾಗುವುದು ಬೇರೆ ಮಾತು.

ಇಷ್ಟು ನಿಧಾನ ತಿರುಗಿದರೆ ಕರೆಂಟ್ ಹೇಗೆ ಬರುತ್ತದೆ?

ದೂರದಿಂದ ನೋಡುವುದಕ್ಕೆ ನಿಧಾನ, ಅಷ್ಟೇ. ರೆಕ್ಕೆಗಳ ವೃತ್ತ 50 ಮೀಟರ್ ಅಗಲ ಅಂತಿಟ್ಟುಕೊಳ್ಳಿ. ನಿಮಿಷಕ್ಕೆ 25 ಸುತ್ತು ಹೊಡೆದರೆ ತುದಿಯ ವೇಗ ಗಂಟೆಗೆ ಸುಮಾರು 235 ಕಿ.ಮೀ. ಹೈವೇಯಲ್ಲಿ ಯಾವ ಕಾರೂ ಹಾಗೆ ಓಡುವುದಿಲ್ಲ.

ಇನ್ನು ಒಳಗಿನ ಕತೆ, ಅಂದರೆ ನನ್ನ ಅಂಗಡಿಯ ಕತೆ. ಹಿಟ್ಟಿನ ಗಿರಣಿಯ ಮೋಟರ್ ಮೇಲೆ ಒಂದು ಪ್ಲೇಟ್ ಇರುತ್ತದೆ, 1440 ಆರ್‌ಪಿಎಂ, ಅಂದರೆ ನಿಮಿಷಕ್ಕೆ 1440 ಸುತ್ತು ಅಂತ ಬರೆದಿರುತ್ತದೆ. ನಾಲ್ಕು ಪೋಲ್ ಮೋಟರ್‌ಗೆ ನಮ್ಮ 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸಲ ಏರಿಳಿಯುವ ಕರೆಂಟ್ ಕೊಟ್ಟರೆ ಒಳಗಿನ ಕಾಂತಕ್ಷೇತ್ರ ಸುತ್ತುವುದು 1500ಕ್ಕೆ. ಒಳಗೆ ತಿರುಗುವ ಭಾಗ, ರೋಟರ್, ಅದನ್ನು ಹಿಂಬಾಲಿಸುತ್ತಾ 1440ರಲ್ಲಿ ಓಡುತ್ತದೆ. ಆ 60ರ ಸೋಲಿಗೆ ಸ್ಲಿಪ್ ಅನ್ನುತ್ತೇವೆ. ಈಗ ಯಾರೋ ಹೊರಗಿನಿಂದ ರೋಟರನ್ನು ತಳ್ಳಿ ತಳ್ಳಿ 1515ಕ್ಕೆ ಒಯ್ದರು ಅನ್ನಿ. ಅಲ್ಲಿಗೆ ಆಟ ಉಲ್ಟಾ. ಕರೆಂಟ್ ತಿನ್ನುತ್ತಿದ್ದ ಅದೇ ಮೋಟರ್ ಲೈನಿಗೆ ಕರೆಂಟ್ ಕೊಡುವುದಕ್ಕೆ ಶುರು ಮಾಡುತ್ತದೆ. ಕಾಯಿಲ್ ಅದೇ, ಕೋರ್ ಅದೇ. ಹಳೇ ಫ್ಯಾನ್‌ಗಳಲ್ಲಿ ನಡೆಯುವುದು ಇದೇ. ತಳ್ಳುವ ಆ "ಯಾರೋ" ಅಂದರೆ ಗಾಳಿ. ನಡುವೆ ಒಂದು ಗೇರ್‌ಬಾಕ್ಸ್, 25 ಸುತ್ತನ್ನು 1500 ಮಾಡುವುದಕ್ಕೆ.

ಇದನ್ನು ಮೊದಲ ಸಲ ನನಗೆ ಸೀನಿಯರ್ ಒಬ್ಬರು ಮೀಟರ್ ಮುಂದೆ ನಿಲ್ಲಿಸಿ ತೋರಿಸಿದ್ದರು. ಗಾಳಿ ಸಣ್ಣಗಿತ್ತು. ಮುಳ್ಳು ಸೊನ್ನೆಯ ಈಚೆ, ಅಂದರೆ ನಾವೇ ಕರೆಂಟ್ ತಿನ್ನುತ್ತಿದ್ದೇವೆ. ಒಂದು ಬೀಸು ಬಂತು. ಮುಳ್ಳು ಮೆಲ್ಲಗೆ ಸೊನ್ನೆ ದಾಟಿ ಆಚೆ ಹೋಯಿತು. ಡಿಪ್ಲೊಮಾದ ಮೂರು ವರ್ಷದಲ್ಲಿ ತಲೆಗೆ ಹೋಗದ್ದು ಆ ಒಂದು ನಿಮಿಷದಲ್ಲಿ ಹೋಯಿತು.

ತಲೆ ಮೊಟ್ಟೆ ಆಕಾರದಲ್ಲಿರುವ ಫ್ಯಾನ್‌ಗಳನ್ನೂ ನೋಡಿರುತ್ತೀರಿ. ಅವುಗಳಲ್ಲಿ ಗೇರ್‌ಬಾಕ್ಸೇ ಇಲ್ಲ. ದೊಡ್ಡ ಉಂಗುರದ ಹಾಗಿರುವ ಜನರೇಟರ್ ರೆಕ್ಕೆಯ ಜೊತೆಗೇ ನಿಧಾನ ತಿರುಗುತ್ತದೆ. ಅದರಿಂದ ಬರುವ ಕರೆಂಟ್ ಅಡ್ಡಾದಿಡ್ಡಿ ಇರುತ್ತದೆ, ಎಲೆಕ್ಟ್ರಾನಿಕ್ಸ್ ಅದನ್ನು 50 ಹರ್ಟ್ಜ್‌ಗೆ ತಂದು ಕೊಡುತ್ತದೆ. ಗೇರ್ ಆಯಿಲ್ ಗಲೀಜು ಇಲ್ಲ. ಕೆಲಸ ಮಾಡಿದವರಿಗೆ ಅದರ ಬೆಲೆ ಗೊತ್ತು.

ಗಾಳಿ ಎರಡರಷ್ಟಾದರೆ ಕರೆಂಟೂ ಎರಡರಷ್ಟು ತಾನೇ?

ಅಲ್ಲ, ಎಂಟರಷ್ಟು! ಇಡೀ ಗಾಳಿ ವ್ಯವಹಾರ ನಿಂತಿರುವುದು ಈ ಒಂದು ಲೆಕ್ಕದ ಮೇಲೆ.

ನಮ್ಮ ಕಡೆಯ ಒಂದು ಘನ ಮೀಟರ್ ಗಾಳಿ ಸುಮಾರು 1.1 ಕೆ.ಜಿ. ತೂಗುತ್ತದೆ. ಗಾಳಿಗೆ ತೂಕ ಇದೆ ಅಂದರೆ ಕೆಲವರು ನಂಬುವುದಿಲ್ಲ. 50 ಮೀಟರ್ ಅಗಲದ ವೃತ್ತದ ಮೂಲಕ, ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಗಾಳಿ ಹೋದರೆ ಪ್ರತಿ ಸೆಕೆಂಡಿಗೆ ಸುಮಾರು 17 ಟನ್ ಗಾಳಿ ದಾಟುತ್ತದೆ. ಸೆಕೆಂಡಿಗೊಂದು ಲೋಡ್ ಲಾರಿ ಅನ್ನಿ. ವೇಗ ಎರಡರಷ್ಟಾದರೆ ಲಾರಿಗಳ ಸಂಖ್ಯೆ ಎರಡರಷ್ಟಾಯಿತು. ಜೊತೆಗೆ ಒಂದೊಂದು ಲಾರಿಯ ಹೊಡೆತ ನಾಲ್ಕರಷ್ಟಾಯಿತು. ಎರಡು ನಾಲ್ಕಲಿ ಎಂಟು.

ಅಂಕಿಯಲ್ಲಿ ಹೇಳುವುದಾದರೆ, ಸೆಕೆಂಡಿಗೆ 4 ಮೀಟರ್ ಗಾಳಿಯಲ್ಲಿ ಒಂದು ಚದರ ಮೀಟರ್‌ಗೆ ಸಿಗುವುದು 35 ವ್ಯಾಟ್, 8 ಮೀಟರ್ ಗಾಳಿಯಲ್ಲಿ 280. ಅದಕ್ಕೇ ಫ್ಯಾನ್‌ಗಳು ಗುಡ್ಡದ ನೆತ್ತಿಯ ಮೇಲಿವೆ. ಗಾಳಿ ಗುಡ್ಡ ಹತ್ತುವಾಗ ಒತ್ತಿಕೊಂಡು ಜೋರಾಗುತ್ತದೆ. ಬಯಲಲ್ಲಿ ಅಷ್ಟೇ ದುಡ್ಡು ಹಾಕಿದರೆ ಅರ್ಧ ಕರೆಂಟೂ ಕಷ್ಟ. ಹೊಸ ಫ್ಯಾನ್‌ಗಳ ರೆಕ್ಕೆ ಉದ್ದವಾಗಿ, ಕಂಬ ಎತ್ತರವಾಗಿ ಬಂದ ಮೇಲೆ ಬಯಲಿಗೂ ಇಳಿಯುತ್ತಿವೆ, ಅದು ಈಚಿನ ಮಾತು.

ಬಂದ ಗಾಳಿಯ ಶಕ್ತಿಯನ್ನೆಲ್ಲ ಹಿಡಿಯಬಹುದಲ್ಲ?

ಆಗದು. ಎಲ್ಲ ಶಕ್ತಿ ಕಿತ್ತುಕೊಂಡರೆ ಗಾಳಿ ರೆಕ್ಕೆಯ ಹಿಂದೆ ನಿಂತೇಬಿಡಬೇಕು. ನಿಂತ ಗಾಳಿ ದಾರಿ ಬಿಡದಿದ್ದರೆ ಹಿಂದಿನಿಂದ ಹೊಸ ಗಾಳಿ ಹೇಗೆ ಬರುತ್ತದೆ? ಎಷ್ಟು ತೆಗೆಯಬಹುದು, ಎಷ್ಟು ಬಿಟ್ಟುಕೊಡಬೇಕು ಅಂತ ಜರ್ಮನಿಯ ಆಲ್ಬರ್ಟ್ ಬೆಟ್ಜ್ ನೂರು ವರ್ಷದ ಹಿಂದೆಯೇ ಲೆಕ್ಕ ಹಾಕಿಟ್ಟ. ಗರಿಷ್ಠ 59.3 ಶೇಕಡಾ. ನಿಜವಾದ ಯಂತ್ರಗಳಲ್ಲಿ 40, 45 ಬಂದರೆ ಒಳ್ಳೆಯ ಯಂತ್ರ. ಇದಕ್ಕಿಂತ ಜಾಸ್ತಿ ಕೊಡುತ್ತೇವೆ ಅಂತ ಯಾರಾದರೂ ಬಣ್ಣದ ಕಾಗದ ಹಿಡಿದು ಬಂದರೆ ಟೀ ಕುಡಿಸಿ ಕಳಿಸಿ.

ಮೂರೇ ರೆಕ್ಕೆ ಯಾಕೆ?

ಒಂದು, ಎರಡು ರೆಕ್ಕೆಯವೂ ಇದ್ದವು. ಎರಡಿದ್ದರೆ ತಿರುಗುವಾಗ ಕಂಬಕ್ಕೆ ಒದೆ ಜಾಸ್ತಿ, ಕುಲುಕಾಟ. ನಾಲ್ಕನೆಯದು ಹಾಕಿದರೆ ಖರ್ಚು ಏರುವಷ್ಟು ಕರೆಂಟ್ ಏರುವುದಿಲ್ಲ. ಮೂರಕ್ಕೆ ಲೆಕ್ಕ ಸರಿಹೋಯಿತು.

ಗಾಳಿ ಇದ್ದರೂ ಕೆಲವು ನಿಂತೇ ಇರುತ್ತವೆ. ಕೆಟ್ಟಿವೆಯಾ?

ಕೆಲವು ಕೆಟ್ಟಿರಬಹುದು. ಬಿಡಿಭಾಗ ಬರದೆ ತಿಂಗಳುಗಟ್ಟಲೆ ನಿಂತವನ್ನು ನಾನೇ ನೋಡಿದ್ದೇನೆ. ಆದರೆ ಬೇರೆ ಕಾರಣಗಳೂ ಇವೆ. ಸೆಕೆಂಡಿಗೆ 3, 4 ಮೀಟರ್ ಗಾಳಿ ಇಲ್ಲದೆ ಸಾಮಾನ್ಯವಾಗಿ ಶುರುವಾಗುವುದಿಲ್ಲ. ಕೆಳಗೆ ನಿಮ್ಮ ಅಂಗಿ ಹಾರಿದರೆ ಮೇಲೂ ಅಷ್ಟೇ ಅಂತ ಲೆಕ್ಕ ಹಾಕಬೇಡಿ. 25 ಮೀಟರ್ ದಾಟಿದರೆ ತಾನಾಗಿಯೇ ರೆಕ್ಕೆ ತಿರುಗಿಸಿಕೊಂಡು ನಿಲ್ಲುತ್ತದೆ, ಇಲ್ಲದಿದ್ದರೆ ಮುರಿದೀತು. ಗಾಳಿ ದಿಕ್ಕು ಬದಲಾದ ಹಾಗೆ ತಲೆ ಒಂದೇ ಕಡೆ ಸುತ್ತಿ ಸುತ್ತಿ ಒಳಗಿನ ಕೇಬಲ್ ಹುರಿ ಬಿದ್ದಿರುತ್ತದೆ, ಅದನ್ನು ಬಿಚ್ಚಿಕೊಳ್ಳಲು ಆಗಾಗ ನಿಂತು ಹಿಂದಕ್ಕೆ ಸುತ್ತುತ್ತದೆ. ಲೈನಿನಲ್ಲಿ ಜಾಗ ಇಲ್ಲ, ಉತ್ಪಾದನೆ ಇಳಿಸಿ ಅಂತ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಸೆಂಟರ್‌ನಿಂದ ಹೇಳಿಕೆ ಬರುವುದೂ ಉಂಟು. ಒಳ್ಳೆ ಗಾಳಿಯಲ್ಲಿ ಹಾಗೆ ನಿಲ್ಲಿಸುವಾಗ ಹೊಟ್ಟೆ ಉರಿಯುತ್ತದೆ.

ಫ್ಯಾನ್ ನಮ್ಮೂರ ಗುಡ್ಡದ ಮೇಲೇ ಇದೆ, ಆದರೂ ನಮಗೇ ಕರೆಂಟ್ ಇಲ್ಲ. ಇದು ಯಾವ ನ್ಯಾಯ?

ಕೋಪದಲ್ಲಿ ಕೇಳುವ ಪ್ರಶ್ನೆ ಇದೊಂದೇ. ಕೋಪಕ್ಕೆ ಅರ್ಥವೂ ಇದೆ.

ದಾವಣಗೆರೆ ಕಡೆಯವರಿಗೆ ಭದ್ರಾ ಕಾಲುವೆ ಗೊತ್ತು. ಕಾಲುವೆ ನಿಮ್ಮ ಹೊಲದ ಪಕ್ಕದಲ್ಲೇ ಹರಿಯಬಹುದು. ತೂಬು ಇಲ್ಲದಿದ್ದರೆ ನಿಮಗೆ ಹನಿ ನೀರಿಲ್ಲ. ಕರೆಂಟಿನದ್ದೂ ಹಾಗೇ. ಫ್ಯಾನ್ ಬುಡದಲ್ಲಿರುವ ಟಿಸಿ (ಟ್ರಾನ್ಸ್‌ಫಾರ್ಮರ್) ಕರೆಂಟನ್ನು 33 ಕೆವಿಗೆ, ಅಂದರೆ 33,000 ವೋಲ್ಟ್‌ಗೆ ಏರಿಸುತ್ತದೆ. ಅದು ಸಬ್‌ಸ್ಟೇಷನ್‌ಗೆ ಹೋಗಿ 66 ಅಥವಾ 220 ಕೆವಿ ಆಗಿ ದೊಡ್ಡ ಲೈನುಗಳ ಜಾಲಕ್ಕೆ, ಅಂದರೆ ಗ್ರಿಡ್‌ಗೆ ಸೇರುತ್ತದೆ. ಅಲ್ಲಿ ಸೇರಿದ ಮೇಲೆ ಗಾಳಿಯದ್ದು, ಶರಾವತಿಯದ್ದು, ರಾಯಚೂರಿನ ಕಲ್ಲಿದ್ದಲಿನದ್ದು ಅಂತ ಬೇರೆ ಬೇರೆ ಇಲ್ಲ. ನಿಮ್ಮೂರಿಗೆ ಬರುವುದು ಬೆಸ್ಕಾಂನ 11 ಕೆವಿ ಫೀಡರ್ ಲೈನ್. ಅದೇ ಬೇರೆ ದಾರಿ. ಆ ಫೀಡರ್ ಕೈಕೊಟ್ಟರೆ ತಲೆ ಮೇಲೆ ನೂರು ಫ್ಯಾನ್ ತಿರುಗಿದರೂ ನಿಮ್ಮ ಮನೆ ಕತ್ತಲೆ.

ಇನ್ನೊಂದು ಮಾತು. ಗ್ರಿಡ್ ಹೋದರೆ ಫ್ಯಾನೂ ನಿಲ್ಲುತ್ತದೆ. ಮೇಲೆ ಹೇಳಿದ ಮೋಟರ್ ಮಾದರಿಯ ಜನರೇಟರ್‌ಗೆ ಕಾಂತಕ್ಷೇತ್ರ ಹುಟ್ಟಿಸಿಕೊಳ್ಳಲು ಲೈನಿನ ಕರೆಂಟೇ ಬೇಕು. ಹೊಸ ಮಾದರಿಗಳೂ ಸಾಮಾನ್ಯವಾಗಿ ಗ್ರಿಡ್ ನೋಡಿಕೊಂಡೇ ನಡೆಯುತ್ತವೆ. ಜೊತೆಗೆ ಸುರಕ್ಷತೆ. ಲೈನ್‌ಮನ್ ಕಂಬ ಹತ್ತಿದಾಗ ಫ್ಯಾನ್ ಕರೆಂಟ್ ಕಳಿಸಿದರೆ ಅವನ ಗತಿ?

ಹಾಗಂತ ಊರಿನವರಿಗೆ ಏನೂ ಸಿಗಬೇಕಾಗಿಲ್ಲ ಅಂತ ನಾನು ಹೇಳುವುದಿಲ್ಲ. ಗುಡ್ಡ ನಿಮ್ಮದು, ರಸ್ತೆಯ ಧೂಳು ನಿಮ್ಮದು. ಒಂದು ಒಳ್ಳೆಯ ಫೀಡರ್ ಕೇಳುವುದು ಅತಿಯಾಸೆ ಅಲ್ಲ. ಆದರೆ ಅದನ್ನು ಕೇಳಬೇಕಾದ್ದು ಫ್ಯಾನ್ ಹತ್ತಿರ ಕೂತ ವಾಚ್‌ಮನ್‌ನನ್ನಲ್ಲ.

ಒಂದು ಫ್ಯಾನ್ ಎಷ್ಟು ಮನೆಗೆ ಸಾಕು?

1 ಮೆಗಾವ್ಯಾಟ್ ಫ್ಯಾನ್ ಅಂದರೆ ಸದಾ ಅಷ್ಟು ಕೊಡುತ್ತದೆ ಅಂತಲ್ಲ. ವರ್ಷದ ಸರಾಸರಿ ನೋಡಿದರೆ ಕಾಲು ಭಾಗ ಸಿಕ್ಕರೆ ಸಮಾಧಾನ. ಆ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 22 ಲಕ್ಷ ಯೂನಿಟ್. ತಿಂಗಳಿಗೆ 100 ಯೂನಿಟ್ ಉರಿಸುವ 1,800 ಮನೆಗಳಿಗೆ ಆಯಿತು. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊಗೆಯಾಗಿ ಹೋಗುತ್ತದೆ. ಅಂದರೆ ಈ ಒಂದು ಫ್ಯಾನ್‌ನಿಂದ ವರ್ಷಕ್ಕೆ 1,500 ಟನ್ ಉಳಿತಾಯ. ಫ್ಯಾನ್ ತಯಾರಿಸುವುದಕ್ಕೆ ಖರ್ಚಾದ ಶಕ್ತಿಯೂ ಒಳ್ಳೆ ಗಾಳಿ ಇರುವ ಜಾಗದಲ್ಲಿ ಹೆಚ್ಚುಕಮ್ಮಿ ಒಂದು ವರ್ಷದಲ್ಲಿ ತೀರುತ್ತದೆ.

ಮೇಲೆ ಹತ್ತಿದರೆ ಏನಿರುತ್ತದೆ?

ಕಂಬದ ಬುಡದಲ್ಲಿ ಸಣ್ಣ ಬಾಗಿಲು. ಒಳಗೆ ಕತ್ತಲೆ, ಕಬ್ಬಿಣದ ವಾಸನೆ, ನೆಟ್ಟಗೆ ಏಣಿ. ನನ್ನ ಕಾಲದಲ್ಲಿ ಲಿಫ್ಟ್ ಇರಲಿಲ್ಲ. ಸೊಂಟಕ್ಕೆ ಬೆಲ್ಟ್, ಬೆಲ್ಟಿನ ಕೊಂಡಿ ಏಣಿಯ ನಡುವಿನ ವೈರಿಗೆ. ಜಾರಿದರೆ ಅದು ಕಚ್ಚಿ ಹಿಡಿಯುತ್ತದೆ. ಅರ್ಧ ದಾರಿಯಲ್ಲಿ ತೊಡೆ ನಡುಗುವುದಕ್ಕೆ ಶುರುವಾಗುತ್ತದೆ, ಅಲ್ಲೊಂದು ಕಟ್ಟೆ ಇದೆ, ಕೂತು ನೀರು ಕುಡಿಯಬಹುದು. ಮೇಲಿನ ಕೋಣೆ ಒಂದು ಸಣ್ಣ ವ್ಯಾನಿನಷ್ಟು. ಗೇರ್‌ಬಾಕ್ಸ್ ಪಕ್ಕದಲ್ಲಿ ಅಡ್ಡ ನಿಂತೇ ಓಡಾಡಬೇಕು. ಮುಂದಿನ ಮೂತಿಯೊಳಗೆ ಇಳಿಯುವ ಮೊದಲು ದಪ್ಪ ಕಬ್ಬಿಣದ ಪಿನ್ ಹಾಕಿ ರೆಕ್ಕೆಗಳನ್ನು ಲಾಕ್ ಮಾಡುತ್ತೇವೆ. ಆ ಪಿನ್ ಹಾಕಿದ್ದೇನೆ ಅಂತ ಒಬ್ಬ ಹೇಳಿದರೆ ಸಾಲದು, ಇನ್ನೊಬ್ಬ ಕೈಯಿಟ್ಟು ನೋಡಬೇಕು.

ಹೊಸಬರಿಗೆ ಭಯ ಆಗುವುದು ಎತ್ತರಕ್ಕಲ್ಲ, ತೂಗಾಟಕ್ಕೆ. ಕಂಬ ಗಾಳಿಗೆ ನಿಧಾನ ತೂಗುತ್ತದೆ. ಗೇರ್‌ಬಾಕ್ಸ್ ಮೇಲಿಟ್ಟ ನೀರಿನ ಬಾಟಲಿಯಲ್ಲಿ ನೀರು ಆಚೆ ಈಚೆ ಹೋಗುವುದು ಕಾಣುತ್ತದೆ. ಮೇಲಿನ ಮುಚ್ಚಳ ತೆಗೆದರೆ ಕೋಟೆಯ ಬಂಡೆಗಳು, ಹೈವೇ ಮೇಲೆ ಇರುವೆ ಸಾಲಿನ ಹಾಗೆ ಲಾರಿಗಳು. ಒಂದು ಮೇ ತಿಂಗಳಲ್ಲಿ ಮುಚ್ಚಳದ ಅಂಚಿಗೆ ಹೆಜ್ಜೇನು ಕಟ್ಟಿದ್ದು ನೋಡದೆ ತೆಗೆದಿದ್ದೆ. ಇಳಿಯುವಾಗ ಆವತ್ತು ತೊಡೆ ನಡುಗಿದ್ದು ಗೊತ್ತೇ ಆಗಲಿಲ್ಲ.

ಸೋಲಾರ್ ಅಗ್ಗ ಆಯಿತಲ್ಲ, ಇನ್ನು ಗಾಳಿ ಯಾಕೆ ಬೇಕು?

ಹಿರಿಯೂರು, ಚಳ್ಳಕೆರೆಯ ಪಕ್ಕದಲ್ಲೇ ಪಾವಗಡ. ಅಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಇದೆ. ನೋಡಿದರೆ ಕಣ್ಣು ಮುಟ್ಟುವವರೆಗೂ ಗಾಜೇ ಗಾಜು. ಆದರೆ ಸಂಜೆ ಆರೂವರೆಗೆ ಅಷ್ಟೂ ಗಾಜು ಮಲಗಿಬಿಡುತ್ತದೆ. ನಮ್ಮ ಮನೆಗಳಲ್ಲಿ ಲೈಟು, ಟಿವಿ ಶುರುವಾಗುವುದು ಆಗಲೇ. ಮಳೆಗಾಲದ ಮೋಡದಲ್ಲಿ ಸೋಲಾರ್ ಮಂಕು, ಗಾಳಿ ಜೋರು. ಬೇಸಿಗೆಯಲ್ಲಿ ಗಾಳಿ ಮಂಕು, ಬಿಸಿಲು ಜೋರು. ಅತ್ತೆ ಸೊಸೆ ಒಬ್ಬರು ಅಡುಗೆ, ಒಬ್ಬರು ಹೊಲ ಅಂತ ಹಂಚಿಕೊಂಡ ಹಾಗೆ. ಒಬ್ಬರೇ ಎರಡೂ ಮಾಡುವುದಾದರೆ ಎರಡೂ ಕೆಡುತ್ತದೆ.

ನಮ್ಮ ಹಿರಿಯರು ಗಾಳಿ ಬಂದಾಗ ತೂರಿಕೋ ಅಂದರು. ಕಣದಲ್ಲಿ ರಾಗಿ ತೂರುವವನಿಗೆ ಗಾಳಿಯ ಮೇಲೆ ಅಧಿಕಾರ ಇಲ್ಲ. ಬಂದಾಗ ಮೊರ ಎತ್ತಬೇಕು. ಗ್ರಿಡ್ ನಡೆಸುವವರ ತಲೆನೋವೂ ಇದೇ. ಕರೆಂಟ್ ಬಳಸುವಷ್ಟೇ ಆ ಕ್ಷಣದಲ್ಲಿ ಹುಟ್ಟಬೇಕು. ಜಾಸ್ತಿ ಹುಟ್ಟಿದರೆ 50 ಹರ್ಟ್ಜ್ ಮೇಲೇರುತ್ತದೆ, ಕಮ್ಮಿಯಾದರೆ ಇಳಿಯುತ್ತದೆ. ಅದನ್ನು 49.90 ಮತ್ತು 50.05ರ ನಡುವೆ ಹಿಡಿದಿಡುವುದು ಅವರ ಕೆಲಸ. ಹಾಗಾಗಿ ಗಾಳಿ ಜೋರಿದ್ದಾಗ ಶರಾವತಿಯ ನೀರನ್ನು ಲಿಂಗನಮಕ್ಕಿಯಲ್ಲಿ ಉಳಿಸಿಕೊಳ್ಳಬಹುದು, ಗಾಳಿ ಬಿದ್ದಾಗ ಬಿಡಬಹುದು. ಉಳಿದ ಕರೆಂಟಿನಲ್ಲಿ ಕೆಳಗಿನ ನೀರನ್ನು ಮೇಲಕ್ಕೆ ಪಂಪ್ ಮಾಡಿ ಮತ್ತೆ ಬಿಡುವ ಯೋಜನೆಯೂ ಇದೆ. ಶರಾವತಿಯ ಗೇರುಸೊಪ್ಪ ಮತ್ತು ತಲಕಳಲೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ಗೆ ಹಾಗೊಂದು ಯೋಜನೆ ಇಟ್ಟಿದ್ದಾರೆ. ಕಾಡು ಹೋಗುತ್ತದೆ ಅಂತ ಅಲ್ಲಿನವರು ವಿರೋಧಿಸುತ್ತಿದ್ದಾರೆ. ಬಯಲುಸೀಮೆಯ ಗಾಳಿ ಕೂಡಿಡಲು ಮಲೆನಾಡಿನ ಕಾಡು ಕೊಡಬೇಕಾ ಅನ್ನುವುದು ಸುಲಭದ ಪ್ರಶ್ನೆ ಅಲ್ಲ. ಬ್ಯಾಟರಿ ಅಗ್ಗವಾದಷ್ಟೂ ನಮಗೇ ಒಳ್ಳೆಯದು ಅಂತ ನನ್ನ ಆಸೆ.

ಮನೆ ತಾರಸಿ ಮೇಲೆ ಚಿಕ್ಕ ಫ್ಯಾನ್ ಹಾಕಿಸಲಾ?

ಬೇಡ. ಎಂಟರ ಲೆಕ್ಕ ನೆನಪಿಸಿಕೊಳ್ಳಿ. ಊರೊಳಗೆ ಗಾಳಿ ಕಮ್ಮಿ, ಅದೂ ಗೋಡೆ, ಮರ, ನೀರಿನ ಟ್ಯಾಂಕಿಗೆ ಬಡಿದು ಸುಳಿ ಸುಳಿ. ಅದೇ ದುಡ್ಡಿಗೆ ಸೋಲಾರ್ ಹಾಕಿಸಿ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿವರೆಗೆ ಸಬ್ಸಿಡಿ ಇದೆ. ತಿಂಗಳಿಗೆ 200 ಯೂನಿಟ್ ಒಳಗೆ ಇದ್ದು ಗೃಹಜ್ಯೋತಿ ಸಿಗುತ್ತಿದ್ದರೆ ಅದಕ್ಕೂ ಅವಸರ ಇಲ್ಲ, ಲೆಕ್ಕ ಹಾಕಿ ನೋಡಿ.

ಫ್ಯಾನ್‌ಗೆ ಹೊಲ ಕೇಳಿಕೊಂಡು ಬಂದಿದ್ದಾರೆ. ಕೊಡಬಹುದಾ?

ಕೊಡಿ, ಬಿಡಿ, ಅದು ನಿಮ್ಮಿಷ್ಟ. ಆದರೆ ನಮ್ಮ ದೊಡ್ಡಪ್ಪನ ಹೊಲದ ಕತೆ ಕೇಳಿ. ಫ್ಯಾನ್ ನಿಂತದ್ದು ಪಕ್ಕದವರ ಹೊಲದಲ್ಲಿ. ಕ್ರೇನ್ ಹೋಗುವುದಕ್ಕೆ ದಾರಿ ಬೇಕು, ಒಂದು ತಿಂಗಳು ಅಂತ ದೊಡ್ಡಪ್ಪನನ್ನು ಕೇಳಿದರು. "ಆಗಲಿ ಬಿಡ್ರಪ್ಪ" ಅಂದರು. ಒಳ್ಳೆ ಮನುಷ್ಯ, ಕಾಗದ ಕೇಳಲಿಲ್ಲ. ಕ್ರೇನ್ ಬದು ಒಡೆದುಕೊಂಡು ಹೋಯಿತು. ಕೆಲಸ ಮುಗಿದ ಮೇಲೆ ಬದು ಕಟ್ಟಿಕೊಡುತ್ತೇವೆ ಅಂದ ಗುತ್ತಿಗೆದಾರ ಫೋನ್ ತೆಗೆಯಲಿಲ್ಲ. ಎರಡು ಮಳೆಗಾಲಕ್ಕೆ ಶೇಂಗಾ ಬೆಳೆಯುತ್ತಿದ್ದ ಮೇಲ್ಮಣ್ಣು ಹಳ್ಳ ಸೇರಿತು. ನಾನು ಅದೇ ವ್ಯವಹಾರದಲ್ಲಿ ಕೆಲಸದಲ್ಲಿದ್ದೆ, ಏನೂ ಮಾಡಲಾಗಲಿಲ್ಲ. ದೊಡ್ಡಪ್ಪ ಒಂದು ಮಾತೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚುವುದು.

ಹಾಗಾಗಿ ಬಾಯಿ ಮಾತಿಗೆ ಒಪ್ಪಬೇಡಿ. ಮಾರುವುದೋ ಲೀಸೋ ಮೊದಲು ಸ್ಪಷ್ಟ ಮಾಡಿಕೊಳ್ಳಿ. ಲೀಸ್ ಆದರೆ ಎಷ್ಟು ವರ್ಷ, ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ ಎಷ್ಟು ಏರುತ್ತದೆ, ಕಂಪನಿ ಕೈ ಬದಲಾದರೆ ಕರಾರಿಗೆ ಯಾರು ಹೊಣೆ, ಕೊನೆಗೆ ಕಂಬ, ಕಾಂಕ್ರೀಟ್ ಕಿತ್ತು ಹೊಲ ಸರಿ ಮಾಡಿಕೊಡುವವರು ಯಾರು, ಎಲ್ಲ ಬರಹದಲ್ಲಿ ಇರಲಿ. ಪಾವಗಡದ ಸೋಲಾರ್‌ನಲ್ಲಿ ರೈತರು ಜಮೀನು ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ ಅಂತ ಲೀಸ್ ಆಯಿತು. ಏರಿಕೆಯ ಸಾಲು ಕಾಗದದಲ್ಲಿದ್ದದ್ದೇ ಅದರಲ್ಲಿ ನೋಡಬೇಕಾದ್ದು. ಪೋಡಿ ಆಗದ, ಅಂದರೆ ಅಳತೆ ಮಾಡಿ ಪಾಲು ಬೇರೆಯಾಗದ ಜಂಟಿ ಖಾತೆ ಜಮೀನಾದರೆ ಮೊದಲು ಅಣ್ಣತಮ್ಮಂದಿರ ಜೊತೆ ಕೂತು ಬಗೆಹರಿಸಿಕೊಳ್ಳಿ. ದುಡ್ಡು ಬಂದ ಮೇಲೆ ಆ ಮಾತು ನಡೆಯುವುದಿಲ್ಲ.

ಹಕ್ಕಿಗಳು ಸಾಯುತ್ತವಂತೆ?

ಸಾಯುತ್ತವೆ, ಬಡಿದು. ಹದ್ದು, ಗಿಡುಗದಂಥವು ತೇಲುವುದು ಅದೇ ಗುಡ್ಡದ ಗಾಳಿಯಲ್ಲಿ. ಅವು ನೆಲದ ಬೇಟೆ ನೋಡುತ್ತಾ ಹೋಗುತ್ತವೆ, ಮುಂದಿನದ್ದನ್ನಲ್ಲ. ಬಡಿದು ಬೀಳುವುದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಹಾರಾಷ್ಟ್ರದ ಸತಾರಾ ಹತ್ತಿರ ಚಾಳಕೇವಾಡಿ ಬಯಲಲ್ಲಿ ಎಣಿಸಿ ನೋಡಿದರು. 2018ರಲ್ಲಿ ಪ್ರಕಟಿಸಿದ ಪ್ರಕಾರ, ಫ್ಯಾನ್ ಇರುವ ಕಡೆ ಬೇಟೆ ಹಕ್ಕಿಗಳು ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ. ಹಕ್ಕಿ ಕಮ್ಮಿಯಾದ್ದರಿಂದ ಅಲ್ಲಿನ ಓತಿಕ್ಯಾತ ಜಾಸ್ತಿಯಾಗಿತ್ತು, ಮನುಷ್ಯ ಹತ್ತಿರ ಹೋದರೂ ಬೇಗ ಓಡುತ್ತಿರಲಿಲ್ಲ. ಭಯ ಮರೆತ ಓತಿಕ್ಯಾತ! ಫ್ಯಾನೇ ಅಲ್ಲಿ ದೊಡ್ಡ ಗಿಡುಗನ ಕೆಲಸ ಮಾಡಿದಂತಾಯಿತು.

ನಮ್ಮ ಗುಡ್ಡಗಳಲ್ಲಿ ನಾನು ಕಣ್ಣಾರೆ ಕಂಡ ತೊಂದರೆ ರಸ್ತೆಯದ್ದು. ರೆಕ್ಕೆ ಸಾಗಿಸುವುದಕ್ಕೆ ಗುಡ್ಡ ಕೊರೆದು ಅಗಲ ರಸ್ತೆ ಮಾಡುತ್ತಾರೆ. ಮಳೆ ನೀರು ಅದರಲ್ಲೇ ಹರಿದು ಕೊರಕಲು ಬೀಳುತ್ತದೆ. ಚರಂಡಿ, ಕಲ್ಲಿನ ತಡೆ ಸರಿಯಾಗಿ ಕಟ್ಟಿದರೆ ಅರ್ಧ ತಪ್ಪಿಸಬಹುದು. ಕಟ್ಟುವುದಿಲ್ಲ ಅನ್ನುವುದೇ ನನ್ನ ತಕರಾರು.

ಶಬ್ದ ಜಾಸ್ತಿ ಬರುತ್ತದಾ?

ಬುಡದಲ್ಲಿ ನಿಂತರೆ ಸುಯ್, ಸುಯ್ ಅಂತ ಕೇಳುತ್ತದೆ, ರಾತ್ರಿ ಊರು ಸುಮ್ಮನಾದಾಗ ಇನ್ನೂ. ಮನೆಗಳಿಂದ 500 ಮೀಟರ್ ದೂರ ಇರಬೇಕು ಅಂತ ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಹೇಳುತ್ತದೆ. ಹತ್ತಿರ ನೆಡುವುದಕ್ಕೆ ಬಂದರೆ ಟೇಪ್ ಹಿಡಿದು ಅಳೆಯಿರಿ.

ಹಳೆಯದಾದ ಮೇಲೆ ಏನು ಮಾಡುತ್ತಾರೆ?

ಆಯಸ್ಸು 20, 25 ವರ್ಷ. ಕಂಬದ ಉಕ್ಕು, ಕಾಯಿಲ್‌ನ ತಾಮ್ರ ಗುಜರಿಗೆ ಸಲೀಸಾಗಿ ಹೋಗುತ್ತದೆ. ಕಷ್ಟ ಇರುವುದು ರೆಕ್ಕೆಯಲ್ಲಿ. ಅದು ಗಾಜಿನ ನಾರು ಮತ್ತು ರಾಳದ ಅಂಟು, ನಡುವೆ ಬಾಲ್ಸಾ ಮರದಂಥ ಹಗುರ ತಿರುಳು. ಕರಗುವುದಿಲ್ಲ, ಬಿಡಿಸಲಾಗುವುದಿಲ್ಲ. ಕತ್ತರಿಸಿ ಸಿಮೆಂಟ್ ಕಾರ್ಖಾನೆಯ ಒಲೆಗೆ ಹಾಕುವುದು ಒಂದು ದಾರಿ. ಹಳ್ಳಕ್ಕೆ ಎಸೆಯುವುದು ಇನ್ನೊಂದು, ಅದಕ್ಕೆ ಬಿಡಬಾರದು.

ಇನ್ನೊಂದು ವಿಚಿತ್ರ ನೋಡಿ. ಒಳ್ಳೆ ಗಾಳಿಯ ಗುಡ್ಡಗಳ ಮೇಲೆ ಕೂತಿರುವುದು ಮೊದಲು ಬಂದ ಸಣ್ಣ ಫ್ಯಾನ್‌ಗಳು. ದೊಡ್ಡ ಹೊಸ ಫ್ಯಾನ್‌ಗಳಿಗೆ ಸಿಕ್ಕಿರುವುದು ಉಳಿದ ಜಾಗ. ಹಳೆಯವನ್ನು ತೆಗೆದು ಅಲ್ಲೇ ಹೊಸದು ಹಾಕಲು ಕೇಂದ್ರ 2023ರಲ್ಲಿ ನೀತಿ ತಂದಿದೆ. ಆದರೆ ಇಂದಿನ ರೆಕ್ಕೆಗಳು 60 ಮೀಟರ್ ದಾಟುತ್ತವೆ. ಅದನ್ನು ಹೊತ್ತ ಟ್ರೇಲರ್ ಹೈವೇಯಿಂದ ಹಳ್ಳಿ ರಸ್ತೆಗೆ ತಿರುಗುವುದನ್ನು ನೋಡಿದ್ದೀರಾ? ಮುಂದೆ ಡ್ರೈವರ್, ಹಿಂದಿನ ಚಕ್ರಗಳನ್ನು ನಡೆದುಕೊಂಡೇ ರಿಮೋಟ್‌ನಲ್ಲಿ ತಿರುಗಿಸುವ ಇನ್ನೊಬ್ಬ, ಬಿದಿರು ಕೋಲಿನಲ್ಲಿ ಕೇಬಲ್ ಎತ್ತಿ ಹಿಡಿಯುವ ಮತ್ತಿಬ್ಬರು. ರೆಕ್ಕೆಯ ತುದಿ ಹೋಟೆಲಿನ ಬೋರ್ಡನ್ನು ಒಂದು ಗೇಣಿನಲ್ಲಿ ದಾಟುತ್ತದೆ. ಹೋಟೆಲಿನವನು ದೋಸೆ ತಿರುವುವುದು ಬಿಟ್ಟು ಹೊರಗೆ ಬಂದು ನಿಂತಿರುತ್ತಾನೆ.

ಮಗ ಐಟಿಐ ಮುಗಿಸಿದ್ದಾನೆ. ಈ ಕೆಲಸಕ್ಕೆ ಕಳಿಸಬಹುದಾ?

ಕಳಿಸಬಹುದು. 2025ರ ಮಾರ್ಚ್ ಹೊತ್ತಿಗೆ ದೇಶದಲ್ಲಿ ಗಾಳಿ ವಿದ್ಯುತ್ ಸಾಮರ್ಥ್ಯ 50 ಗಿಗಾವ್ಯಾಟ್, ಅಂದರೆ 50,000 ಮೆಗಾವ್ಯಾಟ್ ದಾಟಿತ್ತು. ಆ ಆರ್ಥಿಕ ವರ್ಷದಲ್ಲಿ ಅತಿ ಹೆಚ್ಚು ಹೊಸದು ಸೇರಿದ್ದು ನಮ್ಮ ಕರ್ನಾಟಕದಲ್ಲೇ. ನಿಂತ ಫ್ಯಾನ್‌ಗಳನ್ನು ನೋಡಿಕೊಳ್ಳಲು ಜನ ಬೇಕೇ ಬೇಕು. ಎಲೆಕ್ಟ್ರಿಕಲ್ ಗೊತ್ತಿರಬೇಕು, ಎತ್ತರದ ಕೆಲಸದ ಟ್ರೈನಿಂಗ್ ಕಡ್ಡಾಯ ಮಾಡಿಸಬೇಕು, ಬೆಲ್ಟ್ ಕೊಡದ ಕಡೆ ಒಂದು ದಿನವೂ ನಿಲ್ಲಬಾರದು.

ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಆಷಾಢದಲ್ಲಿ, ಗಾಳಿ ಜೋರಿರುವ ದಿನ, ಅವನನ್ನು ನಮ್ಮ ಕೋಟೆಯ ತುಪ್ಪದ ಕೊಳದ ಬತೇರಿಗೆ ಹತ್ತಿಸಿ. ಸುತ್ತ ಗುಡ್ಡಗಳ ಮೇಲೆ ಫ್ಯಾನ್‌ಗಳು ಕಾಣುತ್ತವೆ. ಕಾಲು ಗಂಟೆ ನಿಂತು ನೋಡಲಿ. ಇಳಿದು ಬಂದು ಊಟ ಕೇಳಿದರೆ ಕಳಿಸಿ. ನೀರು ಮಾತ್ರ ಕೇಳಿದರೆ ನನ್ನ ಅಂಗಡಿಗೆ ಕರೆತನ್ನಿ, ಕಾಯಿಲ್ ಸುತ್ತುವುದಕ್ಕೆ ನನಗೂ ಒಬ್ಬ ಹುಡುಗ ಬೇಕು.